ಇನ್ನೊಂದು ದೇಶಕ್ಕೆ ಸೈನ್ಯ ಕಳಿಸುವ ಹಕ್ಕು ಪ್ರಜಾಪ್ರಭುತ್ವ ದೇಶಗಳಿಗೆ ಇದೆಯೇ?

ಈ ಪ್ರಶ್ನೆಯಲ್ಲಿ ಎರಡು ಮಾತಿದೆ. ಆಳುವವನೇ ತನ್ನ ಜನರನ್ನು ಕೊಲ್ಲುತ್ತಿದ್ದರೆ ಹೊರಗಿನವರು ಸೈನ್ಯ ಕಳಿಸಿ ತಡೆಯುವುದು ತಪ್ಪೇ ಎಂಬುದು ಒಂದು. ಹಾಗೆ ತಡೆಯಲು ಜನರೇ ಆರಿಸಿದ ಸರ್ಕಾರಗಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ತಪ್ಪಲ್ಲ, ಕೆಲವು ಸಲ ಹೋಗದೆ ಕೂತದ್ದೇ ದೊಡ್ಡ ಪಾಪ. ಎರಡನೆಯದನ್ನು ನಾನು ಒಪ್ಪಲಾರೆ.

ಚುನಾವಣೆ ಗೆದ್ದ ಸರ್ಕಾರಕ್ಕೆ ಅಧಿಕಾರ ಕೊಟ್ಟವರು ಅದರ ಸ್ವಂತ ಮತದಾರರು. ಬಾಂಬು ಬೀಳುವ ಊರಿನವರು ಅದಕ್ಕೆ ಮತ ಹಾಕಿಲ್ಲ. ತಪ್ಪಾದರೆ ಅದನ್ನು ಕೆಳಗಿಳಿಸುವ ದಾರಿಯೂ ಅವರಿಗಿಲ್ಲ. ಅವರ ಮಟ್ಟಿಗೆ ಅದು ಹೊರಗಿನಿಂದ ಬಂದ ಒಂದು ಸೈನ್ಯ, ಅಷ್ಟೇ. ಬ್ರಿಟನ್ನಿನ ಸಂಸತ್ತು 2003ರ ಮಾರ್ಚ್ 18ರಂದು ಇರಾಕ್ ಯುದ್ಧದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿ 412–149 ಮತಗಳಿಂದ ಒಪ್ಪಿಗೆ ಕೊಟ್ಟಿತು. ಹಿಂದಿನ ದಿನವಷ್ಟೇ ರಾಬಿನ್ ಕುಕ್ ಯುದ್ಧವನ್ನು ವಿರೋಧಿಸಿ ಸಚಿವ ಸ್ಥಾನ ಬಿಟ್ಟಿದ್ದರು. ಪ್ರಜಾಪ್ರಭುತ್ವದಲ್ಲಿ ಹೇಗೆ ನಡೆಯಬೇಕೋ ಹಾಗೆಯೇ ಎಲ್ಲ ನಡೆಯಿತು. ಆದರೆ ಯಾವ ಸಾಮೂಹಿಕ ವಿನಾಶದ ಅಸ್ತ್ರಗಳಿಗಾಗಿ ಹೋದರೋ ಆ ಅಸ್ತ್ರಗಳು ಇರಲೇ ಇಲ್ಲ. ಲಕ್ಷಕ್ಕೂ ಹೆಚ್ಚು ಇರಾಕಿ ನಾಗರಿಕರು ಸತ್ತರು. ಆ 412 ಮತಗಳಲ್ಲಿ ಅವರ ಪರವಾಗಿ ಬಿದ್ದದ್ದು ಒಂದೂ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿ "ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದು" ಎಂದುಬಿಡುವುದು ಸುಲಭ. ರುವಾಂಡಾ ನೆನಪಾದಾಗಲೆಲ್ಲ ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

1994ರ ಏಪ್ರಿಲ್. ರುವಾಂಡಾದ ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಬೆಲ್ಜಿಯಂ ಸೈನಿಕರು ಬೀಡುಬಿಟ್ಟಿದ್ದರು, ನೂರಕ್ಕಿಂತ ಕಡಿಮೆ ಜನ. ಅವರಿದ್ದಾರೆಂಬ ಧೈರ್ಯಕ್ಕೆ ಸುಮಾರು 2,000 ಮಂದಿ, ಹೆಚ್ಚಿನವರು ಆಗ ಹತ್ಯೆಗೆ ಗುರಿಯಾಗಿದ್ದ ಟುಟ್ಸಿ ಜನಾಂಗದವರು, ಮಕ್ಕಳುಮರಿ ಕಟ್ಟಿಕೊಂಡು ಆ ಶಾಲೆಯೊಳಗೆ ಸೇರಿದ್ದರು. ಗೇಟಿನ ಆಚೆ ಮಚ್ಚು ಹಿಡಿದ ಗುಂಪುಗಳು ಕಾಯುತ್ತಿದ್ದವು. ಸೈನಿಕರು ಇರುವವರೆಗೂ ಒಳಗೆ ಬರಲಿಲ್ಲ. ಏಪ್ರಿಲ್ 11ರಂದು ಸೈನಿಕರಿಗೆ ಹೊರಡಲು ಆದೇಶ ಬಂತು. ಅಲ್ಲಿದ್ದ ಯುರೋಪಿಯನ್ನರನ್ನು ಆಗಲೇ ಸುರಕ್ಷಿತವಾಗಿ ಸಾಗಿಸಿಯಾಗಿತ್ತು. ಬಿಟ್ಟುಹೋಗಬೇಡಿ ಎಂದು ವಾಹನಗಳ ಮುಂದೆ ಅಡ್ಡ ಬಿದ್ದವರನ್ನು ಸರಿಸಿ ಅವರು ಹೊರಟರು. ಅವತ್ತೇ ಅಲ್ಲಿದ್ದವರಲ್ಲಿ ಹೆಚ್ಚಿನವರ ಕೊಲೆಯಾಯಿತು. ಬರೀ ನಿಂತಿದ್ದರೆ ಸಾಕಿತ್ತು, ಆ ನೂರು ಜನ ಅಲ್ಲೇ ನಿಂತಿದ್ದರೆ.

ಆ ಪಡೆಯ ದಂಡನಾಯಕ ರೋಮಿಯೊ ಡಲ್ಲೇರ್ 5,000 ಸೈನಿಕರನ್ನು ಕೊಟ್ಟರೆ ಹತ್ಯೆ ತಡೆಯಬಲ್ಲೆ ಎಂದು ಅಂಗಲಾಚುತ್ತಿದ್ದರು. ಭದ್ರತಾ ಮಂಡಳಿ ಏಪ್ರಿಲ್ 21ರಂದು ಇದ್ದ ಪಡೆಯನ್ನೇ 270ಕ್ಕೆ ಇಳಿಸಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು.

ಯಾಕೆ ಹೀಗಾಯಿತು? ಏಪ್ರಿಲ್ 7ರಂದು ಬೆಲ್ಜಿಯಂನ ಹತ್ತು ಸೈನಿಕರ ಕೊಲೆಯಾಗಿತ್ತು. ಅವರ ಮನೆಯ ಜನ ಕೇಳುವ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಬೇಕಿತ್ತು. ಅಮೆರಿಕವೂ ಹಿಂದಿನ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ 18 ಸೈನಿಕರನ್ನು ಕಳೆದುಕೊಂಡು ಆಫ್ರಿಕಾದ ಹೆಸರೆತ್ತಿದರೇ ಹೆದರುತ್ತಿತ್ತು. ಅಂದರೆ ಟುಟ್ಸಿಗಳನ್ನು ಕೈಬಿಟ್ಟದ್ದು ಪ್ರಜಾಪ್ರಭುತ್ವ ಕೆಟ್ಟುಹೋದದ್ದರಿಂದ ಅಲ್ಲ. ಸರ್ಕಾರ ತನ್ನ ಮತದಾರರ ಮಾತಿಗೆ ಬೆಲೆ ಕೊಟ್ಟದ್ದರಿಂದಲೇ.

ಐದು ವರ್ಷದ ನಂತರ ಕೊಸೊವೊದಲ್ಲಿ ಅದೇ ಅಂಜಿಕೆ ಬೇರೆ ವೇಷದಲ್ಲಿ ಬಂತು. ಅಲ್ಲಿನ ಅಲ್ಬೇನಿಯನ್ನರನ್ನು ಹಿಂಸಿಸುತ್ತಿದ್ದ ಸರ್ಬಿಯಾದ ಆಳ್ವಿಕೆಯನ್ನು ತಡೆಯಲು, ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ, ನೇಟೋ 1999ರಲ್ಲಿ 78 ದಿನ ಬಾಂಬು ಹಾಕಿತು. ತನ್ನ ಪೈಲಟ್‌ಗಳು ಸಾಯಬಾರದೆಂದು ವಿಮಾನಗಳನ್ನು ಬಹುಪಾಲು 15,000 ಅಡಿಗಿಂತ ಮೇಲೆಯೇ ಇರಿಸಿತು. ಕಾದಾಟದಲ್ಲಿ ನೇಟೋ ಕಡೆ ಒಬ್ಬರೂ ಸಾಯಲಿಲ್ಲ. ಕೆಳಗೆ, ಹ್ಯೂಮನ್ ರೈಟ್ಸ್ ವಾಚ್ ಲೆಕ್ಕದ ಪ್ರಕಾರ, ಸುಮಾರು 500 ನಾಗರಿಕರು ಸತ್ತರು. ಬಾಂಬ್ ದಾಳಿ ಶುರುವಾದ ಮೇಲೆ ಅಲ್ಬೇನಿಯನ್ನರನ್ನು ಹೊರಹಾಕುವುದು ಜೋರಾಯಿತು. ಹೊರಬಿದ್ದವರು ಎಂಟು ಲಕ್ಷ ದಾಟಿದರು. ಆದರೆ ಯುದ್ಧ ನಿಂತ ಕೆಲವೇ ವಾರಗಳಲ್ಲಿ ಅವರಲ್ಲಿ ಬಹುತೇಕರು ಮನೆಗೆ ಮರಳಿದರು. ಹಾಗಾಗಿ ಹೋದದ್ದೇ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನನಗೆ ಒಪ್ಪಿಗೆಯಾಗದ್ದು ಆ ಎತ್ತರ. ಯಾರನ್ನು ಉಳಿಸಲು ಹೋಗಿದ್ದೇವೋ ಅವರ ಜೀವಕ್ಕಿಂತ ನಮ್ಮವನ ಜೀವ ದೊಡ್ಡದು ಎಂಬ ಲೆಕ್ಕ ಆ ಎತ್ತರದಲ್ಲಿದೆ.

ಇದನ್ನೆಲ್ಲ ಹೇಳುವಾಗ ನಮ್ಮ ದೇಶದ ಲೆಕ್ಕವನ್ನೂ ತೆಗೆಯಬೇಕು. 1971ರಲ್ಲಿ ಪಾಕಿಸ್ತಾನಿ ಸೈನ್ಯದ ಹತ್ಯೆಗಳಿಗೆ ಹೆದರಿ ಪೂರ್ವ ಬಂಗಾಳದಿಂದ (ಇಂದಿನ ಬಾಂಗ್ಲಾದೇಶ) ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನವಿರಾಮಕ್ಕೆ ಮತ ಹಾಕಿದವು, ವಿರೋಧಿಸಿದ್ದು 11 ಮಾತ್ರ. ಭಾರತ ಯುದ್ಧ ನಿಲ್ಲಿಸಲಿಲ್ಲ, ನಿಲ್ಲಿಸದೆ ಇದ್ದದ್ದೇ ಸರಿ ಎಂದು ನನ್ನ ನಂಬಿಕೆ. ಪಾಕಿಸ್ತಾನವನ್ನು ಕುಗ್ಗಿಸುವ ಆಸೆ ನಮಗಿರಲಿಲ್ಲವೇ ಎಂದು ಕೇಳಿದರೆ, ಖಂಡಿತ ಇತ್ತು. ಉದ್ದೇಶದಲ್ಲಿ ಸ್ವಾರ್ಥ ಬೆರೆತ ಮಾತ್ರಕ್ಕೆ ಉಳಿದ ಜೀವದ ಬೆಲೆ ಕಡಿಮೆಯಾಗುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು. 1970ರ ಚುನಾವಣೆಯಲ್ಲಿ ಪೂರ್ವ ಬಂಗಾಳದ ಹೆಚ್ಚುಕಡಿಮೆ ಎಲ್ಲ ಸ್ಥಾನ ಗೆದ್ದ ಪಕ್ಷವೇ ನೆರವು ಕೇಳುತ್ತಿತ್ತು. ಕೆಲಸ ಮುಗಿದ ಮೂರೇ ತಿಂಗಳಿಗೆ, 1972ರ ಮಾರ್ಚ್‌ನಲ್ಲಿ, ನಮ್ಮ ಸೈನ್ಯ ವಾಪಸ್ ಬಂತು.

1987ರಲ್ಲಿ ಶ್ರೀಲಂಕಾಕ್ಕೆ ಹೋದಾಗ ಎರಡು ಸರ್ಕಾರಗಳ ನಡುವೆ ಒಪ್ಪಂದವಿತ್ತು, ನಮ್ಮ ಪಡೆಯ ಹೆಸರಲ್ಲೇ ಶಾಂತಿ ಇತ್ತು. ಯಾರಿಗಾಗಿ ಹೋದೆವೋ ಆ ತಮಿಳರನ್ನು ಮಾತ್ರ ಸರಿಯಾಗಿ ಕೇಳಿರಲಿಲ್ಲ. ಅಕ್ಟೋಬರಿನಲ್ಲಿ, ಎಲ್‌ಟಿಟಿಇ ಎಂಬ ತಮಿಳು ಬಂಡುಕೋರರ ಜೊತೆ ಕಾದಾಟದ ನಡುವೆ, ನಮ್ಮ ಪಡೆ ಜಾಫ್ನಾ ಆಸ್ಪತ್ರೆಗೆ ನುಗ್ಗಿದಾಗ ರೋಗಿಗಳು, ವೈದ್ಯರು, ನರ್ಸುಗಳು ಸತ್ತರು. 1990ರಲ್ಲಿ ಹಿಂತಿರುಗುವ ಹೊತ್ತಿಗೆ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಪ್ರಾಣ ಕೊಟ್ಟಿದ್ದರು. ಅವರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆ ಆಸ್ಪತ್ರೆಯ ಮಾತು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿ ಬರುತ್ತದೆ?

ಹಾಗಾಗಿ ಯಾವುದೇ ಸರ್ಕಾರ ಜನರನ್ನು ಉಳಿಸುತ್ತೇವೆಂದು ಹೊರಟಾಗ ನಾನು ಕೇಳುವುದು ಇಷ್ಟು: ಅಲ್ಲಿನವರು ಕರೆದಿದ್ದಾರೆಯೇ, ಅವರಿಗಾಗಿ ನಿಮ್ಮ ಸೈನಿಕ ಅಪಾಯ ಹೊರುತ್ತಾನೆಯೇ, ತಪ್ಪಾದರೆ ಅವರು ಯಾರ ಬಾಗಿಲು ತಟ್ಟಬೇಕು? ಮೂರನೆಯದಕ್ಕೆ ಉತ್ತರ ಸಿಕ್ಕಿದ್ದನ್ನು ನಾನು ಕಂಡಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಬ್ಬಾತ ಕಾರಿಗೆ ನೀರಿನ ಕ್ಯಾನ್ ತುಂಬಿಸಿಕೊಂಡು ಮನೆಗೆ ಬಂದ. ಆತ ಅಮೆರಿಕ ಮೂಲದ ನೆರವು ಸಂಸ್ಥೆಯೊಂದರ ನೌಕರ. ಕ್ಯಾನುಗಳನ್ನು ಸ್ಫೋಟಕವೆಂದುಕೊಂಡು ಅಮೆರಿಕದ ಸೇನೆ ಡ್ರೋನ್‌ನಿಂದ ಕ್ಷಿಪಣಿ ಹಾರಿಸಿತು. ಏಳು ಮಕ್ಕಳೂ ಸೇರಿ ಹತ್ತು ಜನ ಸತ್ತರು. ಅದು ನ್ಯಾಯಯುತ ದಾಳಿ ಎಂದು ಮೊದಲು ಹೇಳಿದ್ದ ಸೇನೆ, ಪತ್ರಕರ್ತರು ಆ ಮನೆಯವರೆಗೆ ಹೋಗಿ ವಿಡಿಯೊಗಳನ್ನು ಹುಡುಕಿ ತೆಗೆದ ಮೇಲೆ, ಸೆಪ್ಟೆಂಬರ್ 17ರಂದು ತಪ್ಪೊಪ್ಪಿಕೊಂಡಿತು. ಸ್ವತಂತ್ರ ಪತ್ರಿಕೆಗಳಿರುವ ದೇಶವಾದ್ದರಿಂದ ಅಷ್ಟಾದರೂ ಆಯಿತು, ಅದು ಸಣ್ಣ ವಿಷಯವಲ್ಲ. ಡಿಸೆಂಬರಿನಲ್ಲಿ, ಯಾರಿಗೂ ಶಿಕ್ಷೆಯಿಲ್ಲ ಎಂದು ಘೋಷಿಸಿದರು. ಆ ಮನೆಯವರು ಅಮೆರಿಕದ ಮತದಾರರಾಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿರಲಿಲ್ಲ.