ಬಳಿ (ಕುಲ) ಬೇರೆ ಆದ್ರೆ ಕಾಯಿಲೆ ಬರುದಿಲ್ವಾ?

ಪ್ರಶ್ನೆ: ಡಾಕ್ಟ್ರೇ, ನಾವು ಮಲ್ಪೆ ಹತ್ರದವರು. ನನ್ನ ತಮ್ಮನಿಗೆ 34 ವರ್ಷ, ಬೋಟಿಗೆ ಹೋಗುದು. 6 ವರ್ಷ ಹಿಂದೆ ಗಡ್ಡೆ ಆಗಿ ಬಲದ ಕಿಡ್ನಿ ತೆಗ್ದಾಗಿದೆ, ಈಗ ಎಡದ್ರಲ್ಲಿ ಎರಡು ಗಡ್ಡೆ ಉಂಟು, ಒಂದು 3.2 ಸೆಂಟಿಮೀಟರ್, ಇನ್ನೊಂದು 1.4. ಜೀನ್ ಟೆಸ್ಟ್‌ನಲ್ಲಿ ವಿಎಚ್‌ಎಲ್ (ವಾನ್ ಹಿಪ್ಪೆಲ್ ಲಿಂಡಾವ್, ಗಡ್ಡೆಗಳು ಆಗುವ ವಂಶದ ಕಾಯಿಲೆ) ಅಂತ ಬಂದಿದೆ. ದೊಡ್ಡದಕ್ಕೆ ಆಪರೇಷನ್ ಇಲ್ಲಾಂದ್ರೆ ಕರೆಂಟ್ ಕೊಡುದು ಅಂತಾರೆ. ಕರೆಂಟ್ ಕೊಟ್ರೆ ಇರುವ ಒಂದು ಕಿಡ್ನಿಯೂ ಸುಟ್ಟು ಹೋಗುದಿಲ್ವಾ? ಕೊಡುದಾದ್ರೆ ಸಣ್ಣದಕ್ಕೂ ಒಟ್ಟಿಗೇ ಕೊಡಬಹುದಾ? ನಮ್ಮ ಅಪ್ಪ ತಲೆಯ ಗಡ್ಡೆಯಲ್ಲಿ ತೀರಿಹೋದದ್ದು. ಅಮ್ಮ ಹೇಳುದು, ಅದು ಅಪ್ಪನ ಕುಟುಂಬದ ಕಾಯಿಲೆ, ನಾವು ಅಮ್ಮನ ಬಳಿಯವರು, ತಮ್ಮ ಅಪ್ಪನ ಹಾಗೆ ಇರುದಕ್ಕೆ ಅವನಿಗೆ ಬಂತು, ನಿನಗೂ ನಿನ್ನ ಮಗಳಿಗೂ ಬರುದಿಲ್ಲ ಅಂತ. ಹೌದಾ? (ಹೆಸರು ಬೇಡ, ಉಡುಪಿ ಜಿಲ್ಲೆ)

ಉತ್ತರ: ಅಮ್ಮನ ಮಾತಿನಿಂದಲೇ ಶುರು ಮಾಡ್ತೇನೆ ಅಕ್ಕ, ಯಾಕಂದ್ರೆ ಉಳಿದದ್ದಕ್ಕಿಂತ ಇದೇ ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು. ಅಳಿಯಕಟ್ಟಿನಲ್ಲಿ ಬಳಿ ಅಮ್ಮನ ಕಡೆಯಿಂದ ಬರ್ತದೆ, ಹಿಂದೆ ಆಸ್ತಿ, ಈಗಲೂ ಸೂತಕ, ದೈವದ ಚಾಕರಿ ಎಲ್ಲ ಆ ಲೆಕ್ಕದಲ್ಲೇ, ಸರಿ. ಆದ್ರೆ ವಿಎಚ್‌ಎಲ್ ಜೀನ್ ಇರುದು 3ನೇ ಕ್ರೋಮೋಸೋಮಲ್ಲಿ, ಅದ್ರ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ. ಅಪ್ಪನಿಗೆ ಕೆಟ್ಟ ಪ್ರತಿ ಇದ್ದಿದ್ರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ, ಮುಖ ಯಾರ ಹಾಗೆ ಇದ್ರೂ. ಈ ಕಾಯಿಲೆಯಲ್ಲಿ ಮೆದುಳಲ್ಲಿ, ಬೆನ್ನುಹುರಿಯಲ್ಲಿ, ಕಣ್ಣಲ್ಲಿ ಕೂಡ ಗಡ್ಡೆ ಆಗ್ತದೆ, ಹಾಗಾಗಿ ಅಪ್ಪನ ತಲೆಯ ಗಡ್ಡೆಯೂ ಇದೇ ಆಗಿರಬಹುದು, ಹಳೆ ರಿಪೋರ್ಟ್ ಕಪಾಟಿನಲ್ಲಿ ಇದ್ರೆ ಹುಡುಕಿ ತೆಗೀರಿ.

ಇನ್ನು ಕರೆಂಟ್. ನಮ್ಮಲ್ಲಿ ಎಲ್ರೂ ಹಾಗೇ ಹೇಳುದು, ಆದ್ರೆ ಅದು ಕರೆಂಟ್ ಅಲ್ಲ, ಶಕ್ತಿ ಜಾಸ್ತಿ ಇರುವ ಎಕ್ಸ್‌ರೇ, ಅಂದ್ರೆ ರೇಡಿಯೇಷನ್. ಕಿಡ್ನಿ ಕ್ಯಾನ್ಸರ್ ರೇಡಿಯೇಷನ್‌ಗೆ ಬಗ್ಗುದಿಲ್ಲ ಅಂತ ನಮಗೆ ಕಲಿಸಿದ್ದು, ದಿನಾ ಸ್ವಲ್ಪ ಸ್ವಲ್ಪ ಕೊಡ್ತಿದ್ದ ಕಾಲದ ಮಾತು ಅದು. ಈಗ ಎಸ್‌ಬಿಆರ್‌ಟಿ ಅಂತ, ಗಡ್ಡೆಗೆ ಗುರಿ ಇಟ್ಟು ದೊಡ್ಡ ಡೋಸನ್ನು ಒಂದೋ ಮೂರೋ ಸಲದಲ್ಲಿ ಮುಗಿಸ್ತಾರೆ. ಆಸ್ಟ್ರೇಲಿಯಾ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ 70 ಜನರ ಮೇಲೆ ಮಾಡಿದ ಫಾಸ್ಟ್‌ರಾಕ್ 2 ಅಧ್ಯಯನ 2024ರಲ್ಲಿ ಬಂತು, 4 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಒಂದೇ ಸಲ 26 ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಅದಕ್ಕಿಂತ ದೊಡ್ಡದಕ್ಕೆ ಮೂರು ಸಲದಲ್ಲಿ 42 ಗ್ರೇ. ಒಂದು ವರ್ಷದ ನಂತರ ನೋಡಿದ್ರೆ ಚಿಕಿತ್ಸೆ ಕೊಟ್ಟ ಜಾಗದಲ್ಲಿ ಯಾರಿಗೂ ಗಡ್ಡೆ ಮತ್ತೆ ಬೆಳ್ದಿರ್ಲಿಲ್ಲ. ಆದ್ರೆ ಅವರಲ್ಲಿ ಹೆಚ್ಚಿನವರು 70 ದಾಟಿದವರು, ನಿಮ್ಮ ತಮ್ಮನ ಪ್ರಾಯದವರಲ್ಲ. ವಿಎಚ್‌ಎಲ್ ಇರುವವರಿಗೆ ಹೀಗೆ ಕೊಟ್ಟ ಅನುಭವ ಇನ್ನೂ ಕಡಿಮೆ.

ಕಿಡ್ನಿ ಸುಟ್ಟು ಹೋಗ್ತದಾ ಅಂತ ಕೇಳಿದ್ರಿ. ಇಡೀ ಕಿಡ್ನಿ ಹೋಗುದಿಲ್ಲ, ಆದ್ರೆ ಗಡ್ಡೆಯ ಸುತ್ತಲಿನ ಒಳ್ಳೆ ಭಾಗಕ್ಕೂ ಸ್ವಲ್ಪ ಪೆಟ್ಟು ಬೀಳ್ತದೆ. ಅದೇ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಕೆಲಸ ಮಾಡ್ತದೆ ಅಂತ ಹೇಳುವ ಲೆಕ್ಕ) ಸರಾಸರಿ 15ರಷ್ಟು ಇಳಿದಿತ್ತು, ಒಂದೇ ಕಿಡ್ನಿ ಇದ್ದವನಿಗೆ ಅದು ಸಣ್ಣ ಲೆಕ್ಕ ಅಲ್ಲ, ಹಾಗಾಗಿ ಈಗ ತಮ್ಮನ ಇಜಿಎಫ್‌ಆರ್ ಎಷ್ಟು, ಮುಗಿದ ಮೇಲೆ ಎಷ್ಟು ಉಳಿಯಬಹುದು ಅಂತ ಬಾಯಿಬಿಟ್ಟು ಕೇಳಿ. ಉಸಿರಾಡುವಾಗ ಕಿಡ್ನಿ ಮೇಲೆ ಕೆಳಗೆ ಹೋಗ್ತಾ ಇರ್ತದೆ, ದಕ್ಕೆಯಲ್ಲಿ ಕಟ್ಟಿ ಹಾಕಿದ ಬೋಟ್ ಅಲೆಗೆ ಏರಿ ಇಳಿಯುವ ಹಾಗೆ. ಅದಕ್ಕೇ ಮೊದಲೊಂದು ದಿನ ಮೈಗೆ ಸರಿಯಾಗಿ ಕೂರುವ ದಿಂಬಿನ ಮೇಲೆ ಅಲುಗಾಡದ ಹಾಗೆ ಮಲಗಿಸಿ, ಕೆಲವು ಕಡೆ ಹೊಟ್ಟೆಗೆ ಬೆಲ್ಟ್ ಬಿಗಿದು, ಉಸಿರಿನ ಜೊತೆ ಗಡ್ಡೆ ಎಷ್ಟು ಸರೀತದೆ ಅಂತ ಸಿಟಿಯಲ್ಲಿ ಅಳೀತಾರೆ. ಕರುಳು ಗಡ್ಡೆಗೆ ತಾಗಿಕೊಂಡಿದ್ರೆ ಪ್ಲಾನೇ ಬದಲಾಗ್ತದೆ. ಮುಗಿದ ಮೇಲೆ ಸುಸ್ತು, ವಾಕರಿಕೆ ಆಗಬಹುದು. ಮತ್ತೊಂದು, ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಗಡ್ಡೆ ಹಾಗೇ ಕಂಡ್ರೆ ಹೆದರ್ಬೇಡಿ, ಅದು ನಿಧಾನಕ್ಕೆ ಸಣ್ಣ ಆಗುದು, ಪೂರ್ತಿ ಮಾಯ ಆಗದೆಯೂ ಇರಬಹುದು.

ಸಣ್ಣದನ್ನು ಮುಟ್ಟುದು ಬೇಡ. ವಿಎಚ್‌ಎಲ್‌ನಲ್ಲಿ 3 ಸೆಂಟಿಮೀಟರ್ ಒಳಗಿನ ಗಡ್ಡೆ ಬೇರೆ ಕಡೆ ಹರಡುದು ತೀರಾ ಅಪರೂಪ, ಹಾಗಾಗಿ ಅಲ್ಲಿವರೆಗೆ ಸ್ಕ್ಯಾನ್ ಮಾಡ್ತಾ ಕಾಯುದು. ಅವನಿಗೆ ಮುಂದೆಯೂ ಹೊಸದು ಬರ್ತಾ ಇರ್ತದೆ, ಪ್ರತಿಯೊಂದರ ಹಿಂದೆ ಓಡಿದ್ರೆ 45ಕ್ಕೆ ಡಯಾಲಿಸಿಸ್ ಮೇಲೆ ಕೂರಿಸಿದ ಹಾಗೆ. ನನ್ನ ಅಭಿಪ್ರಾಯ ಕೇಳಿದ್ರೆ, 34ನೇ ಪ್ರಾಯದಲ್ಲಿ ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸುವ ಆಪರೇಷನ್ ಆಗ್ತದಾ, ಸೂಜಿ ಹಾಕಿ ಗಡ್ಡೆ ಸುಡ್ಲಿಕ್ಕೆ ಆಗ್ತದಾ ಅಂತ ಮೊದಲು ನೋಡ್ಬೇಕು. ಗಡ್ಡೆ ತೀರಾ ಒಳಗೆ ಇದ್ದು ಆಪರೇಷನ್‌ನಲ್ಲಿ ಕಿಡ್ನಿಯೇ ಹೋಗುವ ಹಾಗಿದ್ರೆ ಆಗ ರೇಡಿಯೇಷನ್ ಒಳ್ಳೆ ದಾರಿ. ಯುರಾಲಜಿಸ್ಟ್ ಮತ್ತು ರೇಡಿಯೇಷನ್ ಡಾಕ್ಟ್ರು ಒಟ್ಟಿಗೆ ಕೂತು ಹೇಳಲಿ. ಬೆಲ್ಜುಟಿಫಾನ್ ಅಂತ ಮಾತ್ರೆಯೂ ಉಂಟು, 2021ರಲ್ಲಿ ಅಮೆರಿಕದಲ್ಲಿ ವಿಎಚ್‌ಎಲ್‌ಗೆ ಒಪ್ಪಿಗೆ ಸಿಕ್ಕಿದ್ದು, ಬೇರೆ ಬೇರೆ ಕಡೆಯ ಗಡ್ಡೆಗಳನ್ನು ಒಟ್ಟಿಗೇ ಕುಗ್ಗಿಸ್ತದೆ, ಆದ್ರೆ ರಕ್ತ ಕಡಿಮೆ ಮಾಡ್ತದೆ, ಬೆಲೆಯೂ ಬಹಳ ಜಾಸ್ತಿ.

ಆಪರೇಷನ್ ಅಂತಾದ್ರೆ ಅದಕ್ಕೆ ಮೊದಲು ಮೆಟನೆಫ್ರಿನ್ ಟೆಸ್ಟ್ ಆಗ್ಲೇಬೇಕು. ವಿಎಚ್‌ಎಲ್‌ನಲ್ಲಿ ಕಿಡ್ನಿ ಮೇಲಿನ ಗ್ರಂಥಿಯಲ್ಲೂ ಗಡ್ಡೆ ಆಗಬಹುದು, ಅದನ್ನು ಹಿಡಿಯುವ ಟೆಸ್ಟ್ ಇದು. ಅದು ಗೊತ್ತಿಲ್ಲದೆ ಅರಿವಳಿಕೆ ಕೊಟ್ರೆ ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಅಪಾಯ.

ನೀವು ತಮ್ಮನ ಜೀನ್ ರಿಪೋರ್ಟ್ ಹಿಡ್ಕೊಂಡು ಮಣಿಪಾಲದ ಮೆಡಿಕಲ್ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ, ಅವನಲ್ಲಿ ಇರುವ ಅದೇ ತಪ್ಪು ನಿಮ್ಮಲ್ಲಿ ಉಂಟಾ ಅಂತ ರಕ್ತದಲ್ಲಿ ನೋಡ್ತಾರೆ. ನಿಮಗೆ ಇಲ್ಲಾಂದ್ರೆ ಮಗಳಿಗೆ ಟೆಸ್ಟೇ ಬೇಡ. ಇದ್ರೆ ಅವಳಿಗೂ ಮಾಡಿಸಿ, ಬಂದಿದ್ರೆ ಕಣ್ಣಿನ ಪರೀಕ್ಷೆ ತಡ ಮಾಡ್ಬೇಡಿ. ಮತ್ತೆ ಅಪ್ಪನ ಬಳಿಯವರು ಅಂದ್ರೆ ಅವರ ಅಕ್ಕ ತಂಗಿಯರು, ಅವರ ಮಕ್ಕಳು. ಅವರಿಗೆ ಇದೆಲ್ಲ ಯಾರೂ ಹೇಳಿರ್ಲಿಕ್ಕಿಲ್ಲ. ಅತ್ತೆ ಇದ್ರೆ ಈ ವಾರವೇ ಒಂದು ಫೋನ್ ಮಾಡಿ ಹೇಳಿ.