ಪ್ರಶ್ನೆ ಟಿವಿಗೆ ಬರುವ ಹದಿನೈದು ದಿನ ಮೊದಲು

ಪತ್ರ: "ಸಂಪಾದಕರಿಗೆ ನಮಸ್ಕಾರ. ಬ್ಯಾಸಗಿ ಸೂಟಿ ಮುಗಿಸಿ ಪಾರ್ಲಿಮೆಂಟ್ ಮತ್ತ ಕೂಡಾಕತ್ತೈತಿ. ಈ ಸಲ ಮೊದಲ ದಿನಾನ ಮಂತ್ರಿಗೋಳ ಬೆವರ ಇಳಸ್ತಾರ ಅಂತ ಚಾದಂಗಡ್ಯಾಗ ಎಲ್ಲಾರೂ ಹೇಳಾಕತ್ತಾರ. ನಮಗ ಬೇಕಾಗಿದ್ದು ಮೂರ ಉತ್ತರ: ಕಬ್ಬಿನ ಬಾಕಿ, ಬಾಗಲಕೋಟಿ-ಕುಡಚಿ ರೈಲು, ಆಲಮಟ್ಟಿ ಎತ್ತರ. ಪ್ರಶ್ನಿ ಕೇಳಸಬೇಕಂದ್ರ ಯಾವಾಗ, ಹೆಂಗ ಬರದ ಕೊಡಬೇಕು? ಗದ್ಲಾದ್ರ ನಮ್ಮ ಪ್ರಶ್ನಿ ಏನಾಗ್ತೈತಿ? ಬಿಡಿಸಿ ಹೇಳ್ರಿ." (ಜಮಖಂಡಿ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರರು)

ಸಂಪಾದಕರ ಉತ್ತರ: ಚಾದಂಗಡಿಯ ಮಾತು ಪೂರ್ತಿ ಸುಳ್ಳಲ್ಲ. ಬಜೆಟ್ ಅಧಿವೇಶನ ಏಪ್ರಿಲ್ ಹೊತ್ತಿಗೆ ಮುಗಿದರೆ ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈ ಮೂರನೇ ವಾರಕ್ಕೆ. ನಡುವಿನ ಮೂರು ತಿಂಗಳ ಸಿಟ್ಟೆಲ್ಲ ಒಟ್ಟಾಗಿ ಮೊದಲ ವಾರದಲ್ಲೇ ಹೊರಗೆ ಬೀಳುತ್ತದೆ. ಆದರೆ ಆ ಸಿಟ್ಟಿಗೂ ಅಂದಿನ ಪ್ರಶ್ನೆಪಟ್ಟಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಹದಿನೈದು ಪೂರ್ಣ ದಿನಗಳ ಮುಂಚಿತ ನೋಟಿಸ್ ಬೇಕು. ನೋಟಿಸ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಉತ್ತರದ ದಿನವೂ ಲೆಕ್ಕಕ್ಕಿಲ್ಲ. ಜುಲೈ 21ಕ್ಕೆ ಉತ್ತರ ಬೇಕಿದ್ದರೆ ಪ್ರಶ್ನೆ ನಿಮ್ಮ ಸಂಸದರ ಮೂಲಕ ಜುಲೈ 5ರೊಳಗೆ ಲೋಕಸಭಾ ಸಚಿವಾಲಯದ ಕೈಸೇರಿರಬೇಕು. ಅಂದರೆ ನೀವು ಟಿವಿ ಹಚ್ಚುವ ಹೊತ್ತಿಗೆ ಆ ದಿನದ ಪ್ರಶ್ನೆಗೆ ಎರಡು ವಾರ ವಯಸ್ಸಾಗಿರುತ್ತದೆ. ನಿನ್ನೆಯ ಪತ್ರಿಕೆಯ ಸುದ್ದಿ ಹಿಡಿದು ಎದ್ದು ನಿಲ್ಲುವವರು ಪ್ರಶ್ನೋತ್ತರ ವೇಳೆಯ ಲೆಕ್ಕದವರಲ್ಲ. ಅವರ ದಾರಿ ನಿಲುವಳಿ ಸೂಚನೆ (ಬೇರೆ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಎಂಬ ಕೋರಿಕೆ), ಇಲ್ಲವೇ ಹನ್ನೆರಡರ ನಂತರ ತುರ್ತು ವಿಷಯ ಎತ್ತುವ ಶೂನ್ಯ ವೇಳೆ. ತುರ್ತು ವಿಷಯಕ್ಕೆ ಅಲ್ಪಾವಧಿ ನೋಟಿಸಿನ ಪ್ರಶ್ನೆ ಅಂತ ಒಂದಿದೆ, ಆದರೆ ಅದಕ್ಕೆ ಉತ್ತರ ಕೊಡಬೇಕಾದ ಮಂತ್ರಿಯೇ ಒಪ್ಪಬೇಕು. ಬೆವರು ಇಳಿಸಿಕೊಳ್ಳಲು ತಾನೇ ಒಪ್ಪುವ ಮಂತ್ರಿ ಅಪರೂಪ.

ಆದ್ದರಿಂದ ನಿಮ್ಮ ಮೊದಲ ಕೆಲಸ ಕ್ಯಾಲೆಂಡರ್ ನೋಡುವುದು. ಅಧಿವೇಶನದ ಸಮನ್ಸ್ ಹೊರಟ ಮೇಲೆ ಯಾವ ಸಚಿವಾಲಯದ ಸರದಿ ಯಾವ ದಿನ, ಅದಕ್ಕೆ ನೋಟಿಸ್ ಕೊಡಲು ಕೊನೆಯ ದಿನ ಯಾವುದು ಎಂಬ ಪಟ್ಟಿ ಸಂಸದರಿಗೆ ಬರುತ್ತದೆ. ಸಚಿವಾಲಯಗಳನ್ನು ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ಹಂಚಿರುತ್ತಾರೆ. ಹೀಗಾಗಿ ಒಂದು ಸಚಿವಾಲಯದ ಪಾಳಿ ವಾರಕ್ಕೆ ಒಂದೇ ಸಲ. ನಾಲ್ಕು ವಾರದ ಅಧಿವೇಶನವಾದರೆ ಸಿಗುವುದು ನಾಲ್ಕೇ ಸಲ, ನಡುವೆ ಆ ಪಾಳಿಯ ದಿನವೇ ಹಬ್ಬದ ರಜೆ ಬಿದ್ದರೆ ಮೂರು. ನಿಮ್ಮ ಮೂರು ಪ್ರಶ್ನೆ ಮೂರು ಸಚಿವಾಲಯಕ್ಕೆ ಸೇರಿದವು: ಆಹಾರ ಮತ್ತು ಸಾರ್ವಜನಿಕ ವಿತರಣೆ, ರೈಲ್ವೆ, ಜಲಶಕ್ತಿ. ಒಂದೇ ಅರ್ಜಿಯಲ್ಲಿ ಮೂರನ್ನೂ ತುಂಬಿ ಕೊಟ್ಟರೆ ಅದು ಪ್ರಶ್ನೆ ಆಗುವುದಿಲ್ಲ, ಮನವಿಪತ್ರ ಆಗುತ್ತದೆ. ಮನವಿಪತ್ರ ಫೈಲಿಗೆ ಹೋಗುತ್ತದೆ. ಮೂರು ಬೇರೆ ಹಾಳೆ ಮಾಡಿ.

ಇನ್ನು ಚುಕ್ಕೆಯ ವಿಷಯ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಅಷ್ಟೇ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಐದುನೂರಕ್ಕೂ ಹೆಚ್ಚು ಸದಸ್ಯರಿರುವ ಸದನದಲ್ಲಿ ಆ 20ರೊಳಗೆ ಯಾರ ಹೆಸರು ಬರಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಲಾಟರಿ ಹಾಕಿ ತೀರ್ಮಾನಿಸುತ್ತಾರೆ. ಬರೆದವರ ಜಾಣತನಕ್ಕೆ ಅಲ್ಲಿ ಬೆಲೆಯಿಲ್ಲ. 'ನಮ್ಮ ಸಂಸದರು ಚುಕ್ಕೆ ಪ್ರಶ್ನೆ ಕೇಳಲೇ ಇಲ್ಲ' ಎಂದು ಬೈಯುವ ಮೊದಲು ಇದು ನೆನಪಿರಲಿ. ಕೇಳಿದ್ದಾರೆಯೇ ಎಂಬುದರ ಸುಳಿವು ಚುಕ್ಕೆ ಇಲ್ಲದ ಪಟ್ಟಿಯಲ್ಲಿ ಸಿಗಬಹುದು.

20ರ ಪಟ್ಟಿಯಲ್ಲಿ ಬಂದರೂ ಮುಗಿಯಲಿಲ್ಲ. ಬೆಳಿಗ್ಗೆ 11ರಿಂದ 12ರವರೆಗಿನ ಒಂದು ತಾಸಿನಲ್ಲಿ ಐದಾರು ಪ್ರಶ್ನೆ ದಾಟಿದರೆ ಆ ದಿನ ಚೆನ್ನಾಗಿ ನಡೆಯಿತು ಅಂತ ಲೆಕ್ಕ. 2019ರ ನವೆಂಬರ್ 27ರಂದು ಲೋಕಸಭೆ ಇಪ್ಪತ್ತೂ ಪ್ರಶ್ನೆಗಳನ್ನು ಮುಟ್ಟಿದ್ದೇ ದೊಡ್ಡ ಸುದ್ದಿಯಾಗಿತ್ತು. ಒಂಬತ್ತನೆಯದೋ ಹದಿನೈದನೆಯದೋ ಆಗಿದ್ದರೆ ನಿಮ್ಮ ಪ್ರಶ್ನೆಗೂ ಲಿಖಿತ ಉತ್ತರವೇ ಗತಿ.

ಸರದಿ ಬಂದಾಗ ಆಗುವುದೇನು? ಸಭಾಧ್ಯಕ್ಷರು ಹೆಸರು ಕೂಗುತ್ತಾರೆ. ಸದಸ್ಯರು ಎದ್ದು 'ಪ್ರಶ್ನೆ ಸಂಖ್ಯೆ 43' ಎನ್ನುತ್ತಾರೆ, ಪ್ರಶ್ನೆಯನ್ನು ಓದುವುದಿಲ್ಲ. ಮಂತ್ರಿ 'ಉತ್ತರವನ್ನು ಸದನದ ಮುಂದೆ ಇಟ್ಟಿದ್ದೇನೆ' ಎನ್ನುತ್ತಾರೆ, ಅವರೂ ಓದುವುದಿಲ್ಲ. ಇಷ್ಟಕ್ಕೆ ಹತ್ತು ಸೆಕೆಂಡು. ನಿಜವಾದ ಆಟ ಆಮೇಲೆ. ಕೇಳಿದವರಿಗೆ ಎರಡು ಉಪಪ್ರಶ್ನೆ, ನಂತರ ಸಭಾಧ್ಯಕ್ಷರು ಕರೆದ ಬೇರೆಯವರಿಗೆ ಒಂದೊಂದು. ಲಿಖಿತ ಉತ್ತರವನ್ನು ಅಧಿಕಾರಿಗಳು ಕೂತು ನಾಲ್ಕು ಸಲ ತಿದ್ದಿರುತ್ತಾರೆ, ಉಪಪ್ರಶ್ನೆಗೆ ಮಂತ್ರಿ ತಾನೇ ಬಾಯಿ ಬಿಡಬೇಕು. ಎಲ್‌ಐಸಿಯ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರಿಗೆ ಹೋದ ಹಗರಣ 1957ರಲ್ಲಿ ಬಿಚ್ಚಿಕೊಂಡದ್ದು ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗಳಿಂದ. ಬೆನ್ನಿಗೆ ಸಂಸದ ಫಿರೋಜ್ ಗಾಂಧಿಯವರ ಮಾತು, ತನಿಖೆಗೆ ಚಾಗ್ಲಾ ಆಯೋಗ, 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ರಾಜೀನಾಮೆ. ಆರಂಭದಲ್ಲಿ ಇದ್ದದ್ದು ಕೂಗಾಟವಲ್ಲ, ಯಾವ ಷೇರು, ಎಷ್ಟಕ್ಕೆ, ಯಾರು ಹೇಳಿದ್ದಕ್ಕೆ ಎಂಬ ಒಣ ಲೆಕ್ಕ.

ಗದ್ದಲವಾದರೆ ಪ್ರಶ್ನೆ ಏನಾಗುತ್ತದೆ ಎಂದು ಕೇಳಿದ್ದೀರಿ. ಸದನ ಮುಂದೂಡಿದರೂ ಅಂದಿನ ಚುಕ್ಕೆ ಪ್ರಶ್ನೆಗಳ ಲಿಖಿತ ಉತ್ತರ ಸದನದ ಮುಂದೆ ಇಟ್ಟಂತೆಯೇ. ಉತ್ತರ ಕಳೆಯುವುದಿಲ್ಲ, ಉಪಪ್ರಶ್ನೆ ಕಳೆಯುತ್ತದೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗಲೂ ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಉತ್ತರ ಬಂದವು. ಹಾಗಾಗಿ ಬಿಸಿ ಏರಿದ ಸದನದಿಂದ ಮಂತ್ರಿಗೆ ತೊಂದರೆ ಎಂಬ ಲೆಕ್ಕ ನಮಗೆ ಸರಿ ಕಾಣುವುದಿಲ್ಲ. ಹನ್ನೊಂದೂ ಐದಕ್ಕೆ ಸದನ ಮುಂದೂಡಿದರೆ ಎದ್ದು ನಿಲ್ಲಬೇಕಾಗಿದ್ದ ಮಂತ್ರಿಗೆ ಅದು ರಜೆಯೇ ಸರಿ.

ಈಗ ಬರೆಯುವ ಕ್ರಮ. ಎಡವಟ್ಟು ಹೆಚ್ಚಾಗಿ ಇಲ್ಲೇ ಆಗುವುದು. 'ಕಬ್ಬು ಬೆಳೆಗಾರರ ರಕ್ತ ಹೀರುತ್ತಿರುವ ಕಾರ್ಖಾನೆಗಳ ಮುಂದೆ ಸರ್ಕಾರ ಕಣ್ಣು ಮುಚ್ಚಿ ಕೂತಿರುವುದೇಕೆ?' ಎಂದು ಬರೆದರೆ ಅದು ಲೋಕಸಭಾ ಸಚಿವಾಲಯದ ಮೇಜನ್ನೇ ದಾಟುವುದಿಲ್ಲ. ವಾದ, ಊಹೆ, ವ್ಯಂಗ್ಯ, ಆರೋಪ, ವಿಶೇಷಣ ಯಾವುದೂ ಪ್ರಶ್ನೆಯಲ್ಲಿ ಇರಕೂಡದು ಎಂದು ನಿಯಮವೇ ಇದೆ. ಅಭಿಪ್ರಾಯ ಕೇಳುವಂತಿಲ್ಲ, ಕೋರ್ಟಿನ ಮುಂದಿರುವ ವಿಷಯ ಕೇಳುವಂತಿಲ್ಲ, ಮೊದಲೇ ಉತ್ತರ ಬಂದದ್ದನ್ನು ತಿರುಗಿ ಕೇಳುವಂತಿಲ್ಲ, ಮುಖ್ಯವಾಗಿ ಕೇಂದ್ರಕ್ಕೆ ಸೇರದ ವಿಷಯ ಎತ್ತುವಂತಿಲ್ಲ. ಎಲ್ಲ ಸೇರಿ 150 ಪದ ಮೀರಬಾರದು.

ನಿಯಮ ದಾಟಿದ ಪ್ರಶ್ನೆಯೂ ಇನ್ನೊಂದು ಗುಂಡಿಗೆ ಬೀಳುತ್ತದೆ. 'ಕಬ್ಬಿನ ಬಾಕಿ ಹೆಚ್ಚುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ವಿವರಗಳೇನು? ಕೈಗೊಂಡ ಕ್ರಮಗಳೇನು?' ನಮ್ಮ ಕಡೆ ಬರೆದುಕೊಡುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಅಚ್ಚಿನವು. ಮೊದಲನೆಯದಕ್ಕೆ 'ಇಲ್ಲ' ಎಂದರೆ ಉಳಿದ ಎರಡಕ್ಕೂ 'ಉದ್ಭವಿಸುವುದಿಲ್ಲ'. ಮೂರು ಸಾಲಿನ ಪ್ರಶ್ನೆಗೆ ಎರಡು ಪದದ ಉತ್ತರ. 'ಗಮನಕ್ಕೆ ಬಂದಿದೆಯೇ' ಎಂಬ ಬಾಗಿಲನ್ನು ನೀವೇ ತೆರೆದಿಟ್ಟರೆ ಅವರು ಅದರಲ್ಲೇ ಹೊರಗೆ ಹೋಗುತ್ತಾರೆ.

ಅದರ ಬದಲು ನಿಮ್ಮ ಪ್ರಶ್ನೆ ಹೀಗಿರಲಿ. (ಅ) 2025-26ರ ಹಂಗಾಮಿನಲ್ಲಿ ಕರ್ನಾಟಕದ ಸಕ್ಕರೆ ಕಾರ್ಖಾನೆಗಳು ಎಫ್‌ಆರ್‌ಪಿ (ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) ಪ್ರಕಾರ ಕೊಡಬೇಕಿದ್ದ, ಕೊಟ್ಟ ಮತ್ತು ಜೂನ್ 30ಕ್ಕೆ ಬಾಕಿ ಉಳಿದ ಮೊತ್ತ, ಕಾರ್ಖಾನೆವಾರು. (ಆ) 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನ ಮೀರಿದ ಬಾಕಿಗೆ ವಾರ್ಷಿಕ ಶೇ 15ರ ಬಡ್ಡಿ ಕೊಟ್ಟ ಕಾರ್ಖಾನೆಗಳು ಮತ್ತು ಬಡ್ಡಿಯ ಮೊತ್ತ. (ಇ) 2019ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 31 ರೂಪಾಯಿ ಎಂದು ಗೊತ್ತುಮಾಡಿದ ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯ ಬಗ್ಗೆ ಆಮೇಲೆ ಬಂದ ಪ್ರಸ್ತಾವಗಳು, ಬಂದ ದಿನಾಂಕ, ಪ್ರತಿಯೊಂದರ ಮೇಲೆ ಆದ ತೀರ್ಮಾನ.

ಇದರಲ್ಲಿ 'ಇಲ್ಲ' ಎನ್ನಲು ಜಾಗವೇ ಇಲ್ಲ. 'ಬಾಕಿ ಕೊಡಿಸುವ ಅಧಿಕಾರ ರಾಜ್ಯಗಳದ್ದು' ಎಂಬ ಸಿದ್ಧ ಉತ್ತರ (ಆ)ಗೆ ಬರಬಹುದು, ಅದಕ್ಕೇ (ಇ) ಇಟ್ಟಿದ್ದು. ಎಫ್‌ಆರ್‌ಪಿ ಗೊತ್ತುಮಾಡುವುದು ಕೇಂದ್ರ, ಸಕ್ಕರೆಯ ಕನಿಷ್ಠ ಬೆಲೆ ಗೊತ್ತುಮಾಡುವುದೂ ಕೇಂದ್ರ. 2025-26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ಹೇಳಿದವರು ಸಕ್ಕರೆ ಬೆಲೆಯ ಮಾತಿಗೂ ಉತ್ತರ ಕೊಡಲೇಬೇಕು.

ರೈಲಿನದು ಇಷ್ಟು ಕಷ್ಟವಿಲ್ಲ. ಬಾಗಲಕೋಟೆ-ಕುಡಚಿ ಮಾರ್ಗ 142 ಕಿ.ಮೀ., 2010-11ರ ಸಾಲಿನದು. 'ಯಾವಾಗ ಮುಗಿಯುತ್ತದೆ' ಎಂದು ಕೇಳಬೇಡಿ, 'ಜಮೀನು ಸ್ವಾಧೀನದ ಮೇಲೆ ಅವಲಂಬಿತ' ಎಂದು ಬರುತ್ತದೆ. ರೈಲು ಓಡುತ್ತಿರುವುದು ಎಷ್ಟು ಕಿ.ಮೀ., ಹಳಿ ಹಾಕಿದ್ದು ಎಷ್ಟು, ಉಳಿದ ಭಾಗಕ್ಕೆ ಹಸ್ತಾಂತರವಾಗಬೇಕಾದ ಜಮೀನು ಎಷ್ಟು ಹೆಕ್ಟೇರ್, ಪ್ರತಿ ವರ್ಷ ಕೊಟ್ಟ ಹಣದಲ್ಲಿ ಖರ್ಚಾದದ್ದೆಷ್ಟು ಎಂದು ಕೇಳಿ. ಕೊನೆಯ ಎರಡು ಅಂಕಿ ಕೈಗೆ ಬಂದರೆ ತಡ ಯಾರ ಕಡೆಯಿಂದ ಎಂಬುದು ತಾನೇ ತಿಳಿಯುತ್ತದೆ.

ಉತ್ತರ ಓದುವುದು ಸುಲಭ. ಹನ್ನೆರಡರ ನಂತರ ಅಂದಿನ ಉತ್ತರಗಳು ಸಂಸತ್ತಿನ ಜಾಲತಾಣಕ್ಕೆ ಬರುತ್ತವೆ. ಸದಸ್ಯರ ಹೆಸರು, ಸಚಿವಾಲಯ, ದಿನಾಂಕ ಯಾವುದರಿಂದಲೂ ಹುಡುಕಬಹುದು. ಅಲ್ಲಿ 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು' ಎಂದಿದ್ದರೆ ಬೇಸರ ಬೇಡ. ಅದು ಸರ್ಕಾರ ಕೊಟ್ಟ ಭರವಸೆ, ಅದನ್ನು ಮೂರು ತಿಂಗಳಲ್ಲಿ ತೀರಿಸಬೇಕು. ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆ ಸಂಖ್ಯೆ, ದಿನಾಂಕ ಬರೆದಿಟ್ಟುಕೊಂಡು ಚಳಿಗಾಲದ ಅಧಿವೇಶನದ ಹೊತ್ತಿಗೆ ಸಂಸದರಿಗೆ ನೆನಪಿಸಿ. ಉತ್ತರ ಅರೆಬರೆ ಎನಿಸಿದರೆ ಅದರ ಮೇಲೆ ಅರ್ಧ ಗಂಟೆಯ ಚರ್ಚೆ ಕೇಳಲೂ ಅವಕಾಶವಿದೆ, ಲೋಕಸಭೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ.

ಯಾರಿಗೆ ಕೊಡಬೇಕು ಎಂಬುದು ನಿಮಗೆ ಗೊಂದಲವಿಲ್ಲ, ಜಮಖಂಡಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿದೆ. ಬೆಳಗಾವಿ ಜಿಲ್ಲೆಯವರಿಗೆ ಮಾತ್ರ ಒಂದು ಎಚ್ಚರಿಕೆ: ಖಾನಾಪುರ ಮತ್ತು ಕಿತ್ತೂರು ವಿಧಾನಸಭಾ ಕ್ಷೇತ್ರಗಳು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಹಾಳೆಯ ಜೊತೆ ದಾಖಲೆಯ ಜೆರಾಕ್ಸ್ ಇರಲಿ, ನಮ್ಮ ಭಾಗದವರಿಗೆ ತೂಕದ ಚೀಟಿ ಮತ್ತು ಬ್ಯಾಂಕಿನ ಜಮಾ ದಿನಾಂಕಕ್ಕಿಂತ ಗಟ್ಟಿ ಪುರಾವೆ ಇಲ್ಲ. ನೋಟಿಸ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೋಗಬೇಕು, ಅನುವಾದಕ್ಕೆ ಎರಡು ದಿನ ಹಿಡಿದು ಕೊನೆಯ ದಿನಕ್ಕಿಂತ ಒಂದು ವಾರ ಮೊದಲು ಕೊಡಿ.

ಉಳಿದದ್ದು ಆಲಮಟ್ಟಿ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ಎರಡನೇ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಒಪ್ಪಿತು, ಆದರೆ ಆ ತೀರ್ಪಿನ ಅಧಿಸೂಚನೆಯ ವಿಷಯ ಸುಪ್ರೀಂ ಕೋರ್ಟಿನ ಮುಂದಿದೆ. 'ಅಧಿಸೂಚನೆ ಯಾವಾಗ' ಎಂದರೆ ಅದೇ ಕಾರಣ ಹೇಳಿ ಪ್ರಶ್ನೆಯನ್ನು ತಿರಸ್ಕರಿಸಬಹುದು. ಕೇಂದ್ರ ಈವರೆಗೆ ರಾಜ್ಯಗಳ ಜೊತೆ ಯಾವ್ಯಾವ ದಿನ ಸಭೆ ಕರೆದಿದೆ ಎಂದಷ್ಟೇ ಜಲಶಕ್ತಿಗೆ ಕೇಳಿ. ಮುಳುಗಡೆ ಜಮೀನಿನ ಪರಿಹಾರದ ಮಾತು ರಾಜ್ಯದ್ದು. ಆ ಹಾಳೆಯನ್ನು ದೆಹಲಿಗೆ ಕಳಿಸದೆ ನಿಮ್ಮ ಶಾಸಕರಿಗೆ ಕೊಡಿ, ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂಡುವ ಮೊದಲು.