ರೂಫನ ತಾಯಿಯ ಹೆಸರೇನು?

ಪ್ರಶ್ನೆ: ಅಯ್ಯನವರೇ, ನಮ್ಮ ಸಭೆಯ ಸಂಡೆ ಸ್ಕೂಲಿನಲ್ಲಿ 16 ವರ್ಷಗಳಿಂದ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದೇನೆ. ಕಳೆದ ತಿಂಗಳ ವಾರ್ಷಿಕೋತ್ಸವದಲ್ಲಿ ಧ್ವನಿವರ್ಧಕದವರಿಗೂ ಪೆಂಡಾಲಿನವರಿಗೂ ಧನ್ಯವಾದ ಹೇಳಿದರು, ಇಬ್ಬರಿಗೆ ಶಾಲು ಹೊದಿಸಿದರು. ನನ್ನ ಹೆಸರು ಬರಲೇ ಇಲ್ಲ. ದೇವರಿಗಾಗಿ ಮಾಡುವ ಕೆಲಸಕ್ಕೆ ಹೆಸರೇಕೆ ಎಂದುಕೊಂಡರೂ ನಿದ್ರೆ ಬರುತ್ತಿಲ್ಲ. ರಾಜೀನಾಮೆ ಬರೆದು ಬೈಬಲಿನೊಳಗೆ ಇಟ್ಟಿದ್ದೇನೆ. ಇಷ್ಟು ವರ್ಷ ನಾನು ಜನರ ಮೆಚ್ಚುಗೆಗಾಗಿ ದುಡಿದೆನೇ?
— ಒಬ್ಬ ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಮೊದಲು ನನ್ನ ಕಥೆ ಕೇಳಿ, ಸಹೋದರಿ. ಹೊಸದಾಗಿ ಸಭಾಪಾಲಕನಾದಾಗ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುತ್ತಿದ್ದೆ. ಕಿವಿ ಮಾತ್ರ 'ಪ್ರಸಂಗ ಚೆನ್ನಾಗಿತ್ತು' ಎಂಬ ಮಾತಿಗೆ ಕಾದಿರುತ್ತಿತ್ತು. ಒಂದು ಭಾನುವಾರ ಊಟಕ್ಕೆ ಕುಳಿತವನು ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಹೆಂಡತಿ ಸೌಟು ಕೆಳಗಿಟ್ಟು, 'ಇವತ್ತು ಯಾರೂ ಹೊಗಳಲಿಲ್ಲವೇ?' ಎಂದು ಕೇಳಿದಳು. ಹೊಗಳಿಕೆ ಸಿಗದ ಭಾನುವಾರಗಳಲ್ಲೆಲ್ಲ ನನಗೆ ಸಾರು ಉಪ್ಪಾಗಿಯೇ ಇರುತ್ತಿತ್ತಂತೆ! ಪ್ರಸಂಗ ದೇವರಿಗೆ, ಕಿವಿ ಜನರಿಗೆ. ಎರಡೂ ಒಂದೇ ಅಂಗಿಯೊಳಗೆ.

ಹಾಗೆಂದು ನಿಮಗೆ ನೋವಾದ ಮಾತ್ರಕ್ಕೆ ಮಾಡಿದ ಕೆಲಸ ಸುಳ್ಳಾಗುವುದಿಲ್ಲ. 16 ವರ್ಷವೆಂದರೆ 800ಕ್ಕೂ ಹೆಚ್ಚು ಭಾನುವಾರಗಳು. ಆಷಾಢದ ಜಡಿಮಳೆಯಲ್ಲಿ ಮೂರೇ ಮಕ್ಕಳು ಬಂದ ದಿನವೂ ಪಾಠ ಮಾಡಿರುತ್ತೀರಿ. ಆಗ ಶಾಲು ಹಿಡಿದು ಯಾರು ನಿಂತಿದ್ದರು?

ಬೈಬಲಿನ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ, ತುತೂರಿ ಊದಿಸಿ ದಾನಮಾಡುವವರಿಗೆ ಬರಬೇಕಾದದ್ದು ಬಂದಾಯಿತು ಎನ್ನುತ್ತಾರೆ ಯೇಸುಸ್ವಾಮಿ. ಅಲ್ಲಿರುವ ಗ್ರೀಕ್ ಪದವನ್ನು ಆ ಕಾಲದಲ್ಲಿ ರಸೀತಿಗಳಲ್ಲಿ ಬರೆಯುತ್ತಿದ್ದರು: ಪೂರ್ತಿ ಸಂದಾಯವಾಗಿದೆ, ಬಾಕಿ ಇಲ್ಲ. ನನಗೆ ಶಾಲು ಹೊದಿಸಿದಾಗೆಲ್ಲ ಈ ರಸೀತಿ ನೆನಪಾಗಿ ಸೆಕೆ ಇನ್ನಷ್ಟು ಹೆಚ್ಚುತ್ತದೆ.

ಆದರೆ ಧನ್ಯವಾದ ಹೇಳದಿರುವುದಕ್ಕೆ ಸಭೆಯ ಹಿರಿಯರು ಈ ವಚನವನ್ನು ನೆಪಮಾಡಿಕೊಳ್ಳಬಾರದು. ಇನ್ನೂ ಮನುಷ್ಯರನ್ನು ಮೆಚ್ಚಿಸುವವನಾಗಿದ್ದರೆ ತಾನು ಕ್ರಿಸ್ತನ ದಾಸನಲ್ಲ ಎಂದು ಗಲಾತ್ಯದವರಿಗೆ ಖಾರವಾಗಿ ಬರೆದ, ಆದಿಸಭೆಯ ಬೋಧಕನಾದ ಪೌಲನೇ, ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಪೆರ್ಸೀಸಳು ಬಹಳವಾಗಿ ಪ್ರಯಾಸಪಟ್ಟಳು ಎಂದು ಸೇರಿಸುವುದನ್ನೂ ಮರೆಯುವುದಿಲ್ಲ. ನಿಮ್ಮ ಹೆಸರು ಬಿಟ್ಟದ್ದು ಅವರ ತಪ್ಪು. ಕಾರ್ಯದರ್ಶಿಗೆ ಹೇಳಿ, ಹೇಳುವುದು ಪಾಪವಲ್ಲ. ಒಳಗೇ ಇಟ್ಟು ಕುದಿಸಿದರೆ ಸಾರು ಕೆಡುತ್ತದೆ, ಅದು ನನ್ನ ಅನುಭವ.

ಅದೇ ಪಟ್ಟಿಯ 13ನೆಯ ವಚನವನ್ನೂ ಓದಿ. ರೂಫನಿಗೆ ವಂದನೆ, ಅವನ ತಾಯಿಗೂ ವಂದನೆ. ಆಕೆ ನನಗೂ ತಾಯಿ ಎನ್ನುತ್ತಾನೆ ಪೌಲ. ಆಕೆಯ ಹೆಸರಿಲ್ಲ. ಎಲ್ಲಿ ಅನ್ನ ಬಡಿಸಿದಳೋ, ಯಾವ ಕಾಯಿಲೆಯಲ್ಲಿ ನೋಡಿಕೊಂಡಳೋ, ಒಂದನ್ನೂ ಬರೆದಿಲ್ಲ. ಪೌಲನಂಥ ಹಟಮಾರಿಗೆ ತಾಯಿಯಾಗುವುದು ಸುಲಭವಾಗಿರಲಿಕ್ಕಿಲ್ಲ. ನಿಮ್ಮ ತರಗತಿಯ ನಾಲ್ಕು ವರ್ಷದ ಮಗುವಿಗೂ ನಿಮ್ಮ ಹೆಸರು ಗೊತ್ತಿರಲಿಕ್ಕಿಲ್ಲ. 'ಟೀಚರ್' ಎಂದು ಸೆರಗು ಎಳೆದರೆ ಅದರ ಕೆಲಸ ಮುಗಿಯಿತು.

ರಾಜೀನಾಮೆಯನ್ನು ಹರಿಯಬೇಡಿ. ಹಿಂಬದಿ ಖಾಲಿ ಇದ್ದರೆ ಬರುವ ಭಾನುವಾರದ ಬಾಯಿಪಾಠದ ವಾಕ್ಯವನ್ನು ಅದರಲ್ಲೇ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿ.